ತಾಯಮ್ಮನ ಎಡಗೈ

ಊದಿನಕಡ್ಡಿಗೆ ಎರಡು ವಾಸನೆ. ಹಚ್ಚಿದಾಗ ಬರುವುದು ಎಲ್ಲರಿಗೂ ಗೊತ್ತು. ಇನ್ನೊಂದು ಅದಕ್ಕೆ ಮೊದಲಿನದು. ಇದ್ದಿಲ ಪುಡಿಗೂ ಮರದ ಜಿಗಟಿನ ಪುಡಿಗೂ ನೀರು ಹಾಕಿ ಕಲಸಿದಾಗ, ಮಳೆಗೆ ನೆಂದುಹೋದ ಒಲೆಯ ಹಾಗೆ ಒಂದು ವಾಸನೆ ಏಳುತ್ತದೆ. ಅದರಲ್ಲಿ ಗಂಧವೂ ಇಲ್ಲ, ಭಕ್ತಿಯೂ ಇಲ್ಲ. ಹೋದ ತಿಂಗಳು ಚಾಮರಾಜಪೇಟೆಯಲ್ಲಿ ನನ್ನ ಆಟೋ ಕೆಟ್ಟು ನಿಂತಿತು. ಆಟೋದವನು ಬಗ್ಗಿ ಏನೋ ತಿರುಗಿಸುತ್ತಿದ್ದಾಗ ಪಕ್ಕದ ಸಂದಿಯಿಂದ ಆ ಹಸಿ ವಾಸನೆ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತೆ. “ಏನಜ್ಜಿ, ಪೆಟ್ರೋಲ್ ವಾಸ್ನೆನಾ?” ಅಂತ ಕೇಳಿದ. ಹೂಂ ಅಂದೆ.

ನಾನು ಹೊರಟಿದ್ದದ್ದು ನರಹರಿರಾಯರ ನೂರನೇ ವರ್ಷದ ಸಮಿತಿಯವರು ಕರೆದಿದ್ದ ಸಭೆಗೆ. ಕೂಲಿನಾಲಿ ಮಾಡುವವರ ಪಾಡನ್ನು ಈ ಊರಿನಲ್ಲಿ ಕಣ್ಣಾರೆ ನೋಡಿ ಬರೆದವರು ರಾಯರು. ಹೋಟೆಲಿನಲ್ಲಿ ಲೋಟ ತೊಳೆಯುವವರು, ಮಂಡಿಯಲ್ಲಿ ಮೂಟೆ ಹೊರುವವರು, ಮಿಲ್ಲಿನ ಗೇಟಿನ ಹೊರಗೆ ಬದಲಿ ಕೆಲಸಕ್ಕೆ ಕಾದು ನಿಲ್ಲುವವರು, ಇವರೂ ಮನುಷ್ಯರು ಎಂದು ಓದುವ ಜನಕ್ಕೆ ವಾರವಾರವೂ ನೆನಪು ಮಾಡುತ್ತಿದ್ದರು. ಸಮಿತಿಯ ಕಾರ್ಯದರ್ಶಿ ಒಬ್ಬ ಕಾಲೇಜು ಮೇಷ್ಟ್ರು, ನನ್ನ ಮಗನಿಗಿಂತ ಚಿಕ್ಕವನು. “ಮೇಡಂ, ರಾಯರ ಬರಹಾನೆಲ್ಲ ನೀವೇ ನಕಲು ಮಾಡ್ತಿದ್ರಂತಲ್ಲ. ಒಂದೆರಡು ಪುಟ ನೆನಪು ಬರ್ಕೊಟ್ಬಿಡಿ” ಅಂದ. ಆಮೇಲೆ ಸಮಿತಿಯವರು ತರಲಿದ್ದ ನೆನಪಿನ ಸಂಚಿಕೆಯ ಹಿಂಬದಿಯ ರಟ್ಟನ್ನು ತೋರಿಸಿದ. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಒಂದು ಸಾಲು.

“ಅವಳು ಎಡಗೈಯಲ್ಲಿ ಹೊಸೆಯುತ್ತಾಳೆ, ಊರಿನ ಕಡ್ಡಿಗಳೆಲ್ಲ ಒಂದು ಕಡೆಗೆ ಸುತ್ತಿಕೊಂಡರೆ ಅವಳ ಕಡ್ಡಿ ಇನ್ನೊಂದು ಕಡೆಗೆ ಸುತ್ತಿಕೊಳ್ಳುತ್ತದೆ, ದೇವರ ಮುಂದೆ ಉರಿಯುವಾಗ ಮಾತ್ರ ಎರಡರ ಹೊಗೆಯೂ ಒಂದೇ ದಾರಿ ಹಿಡಿಯುತ್ತದೆ.”

“ಇಡೀ ರಾಯರು ಈ ಒಂದು ಸಾಲಲ್ಲಿದಾರೆ ಮೇಡಂ” ಅಂದ ಹುಡುಗ. ನಾನು ಒಂದು ಲೋಟ ನೀರು ಕುಡಿದು, ತಲೆ ಸುತ್ತುತ್ತದೆ ಎಂದು ನೆವ ಹೇಳಿ ಎದ್ದು ಬಂದೆ. ಅವರು ಕೇಳಿದ್ದು ಎರಡು ಪುಟ. ಎರಡು ಪುಟಕ್ಕೆ ಇದು ಮುಗಿಯುವುದಿಲ್ಲ. ಅಚ್ಚು ಹಾಕಲಿ, ಬಿಡಲಿ, ಅದು ಅವರಿಗೆ ಸೇರಿದ್ದು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು. ರೇಷನ್ ಅಕ್ಕಿಯ ಮುಗ್ಗಲು ವಾಸನೆ ಇನ್ನೂ ಮನೆಗಳಿಂದ ಹೋಗಿರಲಿಲ್ಲ. ನಾನು ಇಂಟರ್‌ಮೀಡಿಯೆಟ್ಟಿನಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಚಾಮರಾಜಪೇಟೆಯ ಮನೆಯಲ್ಲಿ ಕೂತಿದ್ದೆ. ಅಪ್ಪನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸು. ಅಮ್ಮನಿಗೆ ನನ್ನ ಮದುವೆಯದೇ ಚಿಂತೆ. ಗಂಡಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಆಮೇಲೆ ಸುದ್ದಿಯೇ ಇರುತ್ತಿರಲಿಲ್ಲ. ನನಗೋ ತಲೆತುಂಬ ಸಾಹಿತ್ಯ. ಒಂದು ಸಾಲೂ ಬರೆದವಳಲ್ಲ, ಆದರೆ ಯಾವ ಸಾಲು ಚೆಂದ ಯಾವುದು ಸಪ್ಪೆ ಎಂದು ತೀರ್ಪು ಕೊಡುವುದರಲ್ಲಿ ಮಾತ್ರ ನನ್ನನ್ನು ಬಿಟ್ಟರೆ ಇಲ್ಲ ಎಂದುಕೊಂಡಿದ್ದೆ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರಾಯರು ಬಾಡಿಗೆಗಿದ್ದರು. ಐವತ್ತರ ಹತ್ತಿರದ ವಯಸ್ಸು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಊಟಕ್ಕೆ ಮೂಲೆಮನೆಯ ಮೆಸ್ಸು. ಅವರ ಅಕ್ಷರ ದೇವರಿಗೇ ಪ್ರೀತಿ. ವಾರಪತ್ರಿಕೆಯ ಪ್ರೆಸ್ಸಿನವರು ಒಮ್ಮೆ ಇಡೀ ಬರಹವನ್ನು ಹಿಂದಕ್ಕೆ ಕಳಿಸಿ, ಇದನ್ನು ಜೋಡಿಸುವ ಮೊಳೆ ನಮ್ಮಲ್ಲಿಲ್ಲ ಎಂದಿದ್ದರಂತೆ. ಆಗಿನಿಂದ ನಕಲು ಮಾಡುವ ಕೆಲಸ ನನಗೆ ಬಂತು. ಅವರು ತಿದ್ದುವಾಗ ಹೊಡೆದುಹಾಕಬೇಕಾದ ಸಾಲಿನ ಮೇಲೆ ಒಂದೇ ಒಂದು ತೆಳು ಗೆರೆ ಎಳೆಯುತ್ತಿದ್ದರು; ಅಡಿಯಲ್ಲಿರುವುದು ಸಲೀಸಾಗಿ ಓದಲು ಬರುತ್ತಿತ್ತು. ಯಾಕೆ ಪೂರ್ತಿ ಅಳಿಸುವುದಿಲ್ಲ ಎಂದು ಕೇಳಿದ್ದೆ. “ಬೇಡ ಅಂತ ಗೊತ್ತಾದ್ರೆ ಸಾಕಲ್ಲಮ್ಮ. ಅದರ ಮುಖಕ್ಕೆ ಮಸಿ ಯಾಕೆ ಬಳೀಬೇಕು” ಎಂದು ನಕ್ಕರು.

ಆ ವರ್ಷ ಆಷಾಢದಲ್ಲಿ ಹಿಡಿದ ಮಳೆ ಶ್ರಾವಣ ಮುಗಿದರೂ ಬಿಡಲಿಲ್ಲ. ಧೋ ಎಂದು ಸುರಿಯುವ ಮಳೆಯಲ್ಲ, ದಿನವಿಡೀ ಜಿಟಿಜಿಟಿ. ಮೈಸೂರು ರಸ್ತೆ ದಾಟಿದರೆ ತಗ್ಗಿನಲ್ಲಿ ಒಂದು ಸಾಲು ಹಂಚಿನ ಮನೆಗಳಿದ್ದವು. ಮನೆಮನೆಯಲ್ಲೂ ಹೆಂಗಸರು ಊದಿನಕಡ್ಡಿ ಹೊಸೆಯುತ್ತಿದ್ದರು. ಸಾಹುಕಾರರ ಮಂಡಿಯಿಂದ ಬಿದಿರ ಕಡ್ಡಿ, ಪುಡಿ ತೂಗಿಸಿಕೊಂಡು ಬಂದು, ಮನೆಯಲ್ಲಿ ಹೊಸೆದು, ಒಣಗಿಸಿ ವಾಪಸು ಒಪ್ಪಿಸಬೇಕು. ರಾಯರು ಅವರ ಬಗ್ಗೆ ಬರೆಯಬೇಕೆಂದು ಹೊರಟರು. ಗಂಡಸು ಒಬ್ಬನೇ ಹೋದರೆ ಹೆಂಗಸರು ಬಾಯಿ ಬಿಡುವುದಿಲ್ಲ. “ಗಿರಿಜಾನ್ನ ಜೊತೇಲಿ ಕಳಿಸ್ತೀರಾ?” ಎಂದು ಅಮ್ಮನನ್ನು ಕೇಳಿದರು. ರಾಯರು ಕೇಳಿದರೆ ನಮ್ಮ ಮನೆಯಲ್ಲಿ ಇಲ್ಲವೆನ್ನುತ್ತಿರಲಿಲ್ಲ. ನಾನು ಛತ್ರಿ ಹಿಡಿದುಕೊಂಡು ಹಿಂದೆ ಹೊರಟೆ.

ಮಳೆಗಾಲ ಊದಿನಕಡ್ಡಿಯವರ ಪಾಲಿಗೆ ಶನಿ. ಶ್ರಾವಣ ಮಾಸ, ಗೌರಿ, ಗಣೇಶ ಎಂದು ಕಡ್ಡಿಗೆ ಬೇಡಿಕೆ ಏರುವುದೂ ಆಗಲೇ, ಹೊಸೆದ ಕಡ್ಡಿ ಒಣಗದೆ ಇರುವುದೂ ಆಗಲೇ. ಒಲೆಯ ಸುತ್ತ, ಗೋಡೆಯ ಗೂಡಿನಲ್ಲಿ, ಮಲಗುವ ಚಾಪೆಯ ಪಕ್ಕದಲ್ಲಿ, ಎಲ್ಲೆಲ್ಲೂ ಕಪ್ಪು ಕಡ್ಡಿ ಹರಡಿರುತ್ತಿತ್ತು. ಕೂರಲು ಜಾಗವಿರುತ್ತಿರಲಿಲ್ಲ. ಮಂಡಿಯ ಗುಮಾಸ್ತ ಕಡ್ಡಿಯನ್ನು ಬೆರಳಲ್ಲಿ ಒತ್ತಿ ನೋಡಿ, ಹಸಿ ಎಂದು ಕಂಡದ್ದನ್ನೆಲ್ಲ ಬುಟ್ಟಿಗೆ ಎಸೆಯುತ್ತಿದ್ದ. ಎಸೆದದ್ದಕ್ಕೆ ಕೂಲಿ ಇಲ್ಲ, ವಾಪಸೂ ಕೊಡುತ್ತಿರಲಿಲ್ಲ. ಸುಟ್ಟುಹಾಕ್ತೀವಿ ಅನ್ನುತ್ತಿದ್ದ.

ಆ ಸಾಲಿನ ಕೊನೆಯ ಮನೆ ತಾಯಮ್ಮನದು. ಮೂವತ್ತೈದು ವರ್ಷವಿದ್ದೀತು. ಗಂಡ ಕೋಲಾರದ ಚಿನ್ನದ ಗಣಿಗೆ ಹೋದವನು ಎರಡು ವರ್ಷದಿಂದ ಪತ್ತೆಯಿಲ್ಲ. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಮುದುಕಿ ಗೋಡೆ ಹಿಡಿದು ಎದ್ದರೆ ಒಲೆಯ ಕಡೆಗೇ ಹೋಗಿಬಿಡುತ್ತಾಳೆ ಎಂದು ತಾಯಮ್ಮ ಅವಳ ಸೆರಗಿಗೂ ತನ್ನ ಸೆರಗಿಗೂ ಗಂಟು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಮನೆಯಲ್ಲೇ ಕೂತು ಮಾಡುವ ಕೆಲಸ ಅದೊಂದೇ ಇದ್ದದ್ದು. “ಕಡ್ಡಿ ಒಂದು ಇರೋತಂಕ ನಮ್ಮತ್ತೆ ಬದುಕವಳೆ ಬುದ್ಧಿ. ನಾನು ಹೊರಗೆ ಕೂಲಿಗೆ ಹೋದ್ರೆ ಇವಳ ಗತಿ ಏನು” ಎಂದು ಮೊದಲ ದಿನವೇ ರಾಯರಿಗೆ ಹೇಳಿದಳು.

ನಾವು ಹೋದಾಗಲೆಲ್ಲ ಅವಳು ಕೈ ತೊಳೆದುಕೊಂಡು ಬಂದು ಕೂರುತ್ತಿದ್ದಳು. ಮಿಕ್ಕ ಹೆಂಗಸರು ಹೊಸೆಯುತ್ತಲೇ ಮಾತಾಡಿದರೆ ಇವಳು ಮಾತ್ರ ನಮ್ಮೆದುರು ಹೊಸೆಯುವ ಮಣೆ ಮುಟ್ಟುತ್ತಿರಲಿಲ್ಲ. ನಾಲ್ಕನೆಯ ಸಲವೋ ಐದನೆಯ ಸಲವೋ ರಾಯರು, “ಯಾಕಮ್ಮ, ನಮ್ಮಿಂದ ನಿನ್ನ ಕೆಲಸ ಕೆಡ್ತಾ ಇದೆ, ನೀನು ಮಾಡ್ಕೋ” ಅಂದರು. ಅವಳು ನನ್ನ ಮುಖ ನೋಡಿದಳು. “ಬಾಗ್ಲು ಮುಂದಕ್ಕೆ ಎಳೀರಿ ಚಿಕ್ಕಮ್ಮಾವ್ರೆ” ಅಂದಳು. ಎಳೆದೆ. ಅವಳು ಮಣೆಯ ಮುಂದೆ ಕೂತು ಎಡಗೈಯಲ್ಲಿ ಹೊಸೆಯತೊಡಗಿದಳು. ಒಂದೇ ಸಲಕ್ಕೆ ಸರ್ರನೆ ಉದ್ದಕ್ಕೆ ಓಡುತ್ತಿತ್ತು ಕೈ. ಅಷ್ಟು ನುಣುಪಾದ ಕಡ್ಡಿಯನ್ನು ಆ ಸಾಲಿನಲ್ಲಿ ಬೇರೆಲ್ಲೂ ನಾನು ನೋಡಿರಲಿಲ್ಲ.

“ಹುಟ್ಟಿದಾಗ್ಲಿಂದ ಹಿಂಗೇ. ನಮ್ಮವ್ವ ಬರೆ ಹಾಕಿದ್ಲು, ಹೋಗ್ಲಿಲ್ಲ. ಬಲಗೈ ಬರಾಕಿಲ್ಲ ನಂಗೆ. ದೇವರಿಗೆ ಹಚ್ಚೋದು ನೋಡಿ, ಎಡಗೈ ಅಂತ ಗೊತ್ತಾದ್ರೆ ಮಂಡಿಯೋರು ಪುಡಿ ಕೊಡಾಕಿಲ್ಲ. ಅಕ್ಕಪಕ್ಕದೋರ್ಗೂ ತಿಳೀದು.”

ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಕಪ್ಪು ಕೈಯನ್ನೇ ಮುಂದೆ ಚಾಚಿದಳು. ಆ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ರಾಯರು ಕೊಡಲಿಲ್ಲ, ತಲೆಯಾಡಿಸಿದರು ಅಷ್ಟೆ. ಅವಳು ಅವರನ್ನು ಕೇಳಲೂ ಇಲ್ಲ.

ಆಮೇಲೆ ಅವಳು ಹೇಳಿದ ಮಾತಿಗೇ ರಾಯರು ಎದ್ದು ಕೂತದ್ದು. ಶ್ರಾವಣ ಸೋಮವಾರ ಬಸವನಗುಡಿಯ ಕಡೆ ಒಂದು ಗುಡಿಗೆ ಹೋಗಿದ್ದಳಂತೆ. ಹೊರಗೆ ಒಬ್ಬ ಬಿಡಿ ಕಡ್ಡಿ ಮಾರುತ್ತಿದ್ದ. ಅದರಲ್ಲಿ ಒಂದನ್ನು ಎತ್ತಿ ಉಗುರು ಎಳೆದು ನೋಡಿದರೆ ಕಡ್ಡಿಗೆ ಮೆತ್ತಿದ ಮಸಾಲೆ ಎದುರು ದಿಕ್ಕಿಗೆ ಸುತ್ತಿಕೊಂಡಿದೆ. ಅವಳದೇ ಕೈ. ಗುಮಾಸ್ತ ಹಸಿ ಎಂದು ಬುಟ್ಟಿಗೆ ಎಸೆದಿದ್ದ ಕಡ್ಡಿ. ಸುಡುವುದಿರಲಿ, ಒಣಗಿಸಿ ಹಿಂಬಾಗಿಲಿಂದ ಮಾರುತ್ತಿದ್ದರು. ಅವಳು ಒಂದು ಹಿಡಿ ಕೊಂಡುಕೊಂಡು ಬಂದಿದ್ದಳು. ತಾನು ಹೊಸೆದದ್ದನ್ನೇ ಕಾಸು ಕೊಟ್ಟು.

ರಾಯರು ಎರಡು ದಿನ ಶಾಲೆಗೆ ರಜ ಹಾಕಿ ಬರೆದರು. ಅಷ್ಟು ಒಳ್ಳೆಯ ಬರಹವನ್ನು ಅವರು ಬರೆದಿರಲಿಲ್ಲ. ತಾಯಮ್ಮನ ಹೆಸರು ಚೆನ್ನಮ್ಮ ಎಂದಾಗಿತ್ತು; ಮೈಸೂರು ರಸ್ತೆಯ ತಗ್ಗು ಮಾವಳ್ಳಿಯ ದಿಣ್ಣೆಯಾಗಿತ್ತು; ಕುರುಡಿ ಅತ್ತೆಯ ಬದಲು ಕುಂಟ ಅಣ್ಣನಿದ್ದ. ಬುಟ್ಟಿಯ ಮೋಸವೆಲ್ಲ ಇದ್ದಂತೆಯೇ ಇತ್ತು. ಆ ಎಡಗೈಯ ಸಾಲು ಬರೆದಿದ್ದರು, ಮೇಲೆ ತೆಳು ಗೆರೆ ಎಳೆದಿದ್ದರು. ಅದರ ಜಾಗದಲ್ಲಿ, “ತನ್ನ ಕೈಯ ಕೆಲಸ ಯಾರಿಗಾದರೂ ಗೊತ್ತಾಗುತ್ತದೆ” ಎಂದಿಷ್ಟು ಬರೆದು ಸುಮ್ಮನಾಗಿದ್ದರು.

ಬರೆದು ಮುಗಿಸಿದ ದಿನವೇ ಅವರಿಗೆ ಜ್ವರ ಏರಿತು. ಆ ಮಳೆಯಲ್ಲಿ ನೆಂದು ನೆಂದು ಚಳಿಜ್ವರ. ಕಂಬಳಿ ಹೊದ್ದು ಮಲಗಿದ್ದರು. ನಾನು ಪಡಸಾಲೆಯಲ್ಲಿ ಕೂತು ನಕಲು ಮಾಡುತ್ತ ಆ ಜಾಗಕ್ಕೆ ಬಂದೆ. ಹೊಡೆದುಹಾಕಿದ ಸಾಲನ್ನು ಓದಿದೆ. ಇನ್ನೊಮ್ಮೆ ಓದಿದೆ. ಇಷ್ಟು ಚೆಂದದ ಸಾಲನ್ನು ಯಾರಾದರೂ ತೆಗೆಯುತ್ತಾರಾ ಅನ್ನಿಸಿತು. ಅದಿಲ್ಲದಿದ್ದರೆ ಅವಳು ತನ್ನ ಕಡ್ಡಿಯನ್ನು ಗುರುತು ಹಿಡಿದದ್ದನ್ನು ಯಾರು ನಂಬುತ್ತಾರೆ? ಹೆಸರು ಬೇರೆ, ಊರು ಬೇರೆ, ಯಾರಿಗೆ ಗೊತ್ತಾಗುತ್ತದೆ? ಹೀಗೆಲ್ಲ ನನಗೆ ನಾನೇ ವಕೀಲಿ ಮಾಡಿಕೊಂಡೆ. ಒಳಗಿನ ನಿಜ ಹೇಳುತ್ತೇನೆ: ಅಚ್ಚಾದ ಮೇಲೆ ರಾಯರು ಓದಿ, “ಗಿರಿಜಾ, ನಿನಗೆ ಕಣ್ಣಿದೆ ಕಣಮ್ಮ” ಅನ್ನುತ್ತಾರೆ ಎಂದು ಆಸೆಪಟ್ಟೆ. ಸಪ್ಪೆ ಸಾಲನ್ನು ಬಿಟ್ಟೆ, ಹೊಡೆದುಹಾಕಿದ ಸಾಲನ್ನು ಮುದ್ದಾದ ಅಕ್ಷರದಲ್ಲಿ ಇಳಿಸಿದೆ.

ಒಂದು ಸಲ ನೋಡಿ ಎಂದು ಹಾಳೆಗಳನ್ನು ಅವರ ಹಾಸಿಗೆಯ ಹತ್ತಿರ ಹಿಡಿದೆ. ಅಷ್ಟು ನಾಟಕವೂ ಆಡಿದೆ. ಅವರು ಕಣ್ಣು ತೆರೆಯಲಿಲ್ಲ. “ನೀನು ನೋಡಿದೀಯಲ್ಲ, ಸಾಕು. ಅಪ್ಪಾಜಿ ಕೈಲಿ ಕಳಿಸ್ಬಿಡು” ಅಂದರು. ಅಪ್ಪ ಅಂಗಡಿಗೆ ಹೋಗುತ್ತ ಪ್ರೆಸ್ಸಿಗೆ ಕೊಟ್ಟು ಹೋದರು.

ವಾರದ ಕೊನೆಗೆ ಪತ್ರಿಕೆ ಬಂತು. ರಾಯರಿಗೆ ಜ್ವರ ಬಿಟ್ಟಿತ್ತು. ಗೇಟಿನ ಹತ್ತಿರ ನಿಂತುಕೊಂಡೇ ಓದಿದರು. ನಾನು ಕಿಟಕಿಯಿಂದ ನೋಡುತ್ತ, ಈಗ ಒಳಗೆ ಬರುತ್ತಾರೆ, ಈಗ ಕರೆಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಓದಿ ಮುಗಿಸಿ ಗೇಟು ಹಿಡಿದು ನಿಂತೇ ಇದ್ದರು. ಆಮೇಲೆ ಬಂದು, ಬಾಗಿಲಾಚೆಯೇ ನಿಂತು ಕೇಳಿದರು:

“ಗಿರಿಜಾ, ನನ್ನ ಕರಡು ಎಲ್ಲಿದೆ?”

“ಹಂಡೆ ಒಲೆಗೆ ಹಾಕ್ಬಿಟ್ಟೆ” ಅಂದೆ. ಸುಳ್ಳು. ಅದು ನನ್ನ ಪುಸ್ತಕದ ಕೆಳಗೇ ಇತ್ತು.

“ಹೂಂ, ಹೋಗ್ಲಿ. ಬರಹದ ಕೆಳಗೆ ಹೆಸರು ನನ್ನದು. ಕೊಡೋಕೆ ಮುಂಚೆ ನಾನು ಓದಬೇಕಾಗಿತ್ತು” ಅಂದರು. ಬೈಯಲಿಲ್ಲ, ಧ್ವನಿ ಏರಿಸಲಿಲ್ಲ. ಅವರು ಹೋದ ಮೇಲೆ ನಾನು ಕರಡನ್ನು ತೆಗೆದುಕೊಂಡು ಹೋಗಿ ನಿಜವಾಗಿಯೂ ಹಂಡೆ ಒಲೆಗೆ ಹಾಕಿದೆ. ಇವತ್ತು ಯಾರಾದರೂ ಸಾಕ್ಷಿ ಕೇಳಿದರೆ ನನ್ನ ಹತ್ತಿರ ಏನೂ ಇಲ್ಲ.

ರಾಯರು ಬರೆದದ್ದು ಬಡಹೆಂಗಸರ ಕೂಲಿ ನುಂಗುವ ಮೋಸದ ಬಗ್ಗೆ. ಊರು ಓದಿದ್ದು ಎಡಗೈಯನ್ನು. ಮುಂದಿನ ವಾರ ಪತ್ರಿಕೆಗೆ ಬಂದ ಕಾಗದಗಳಲ್ಲಿ ಒಂದರಲ್ಲೂ ಬುಟ್ಟಿಯ ಮಾತಿರಲಿಲ್ಲ. ಮಲ್ಲೇಶ್ವರದಿಂದ ಒಬ್ಬರು, ನಲವತ್ತು ವರ್ಷದಿಂದ ದೇವರ ಮುಂದೆ ಹಚ್ಚಿದ ಕಡ್ಡಿಗಳಲ್ಲಿ ಎಷ್ಟು ಮೈಲಿಗೆಯವೋ ಎಂದು ನೊಂದುಕೊಂಡಿದ್ದರು. ಇನ್ನೊಬ್ಬರು ಇದಕ್ಕೆ ಪ್ರಾಯಶ್ಚಿತ್ತ ಉಂಟೇ ಎಂದು ಪಂಡಿತರನ್ನು ಕೇಳಿದ್ದರು. ನಮ್ಮಮ್ಮ ಮನೆಯಲ್ಲಿದ್ದ ಎರಡು ಕಟ್ಟು ಊದಿನಕಡ್ಡಿಯನ್ನು ಹಿತ್ತಲ ತಿಪ್ಪೆಗೆ ಎಸೆದು ಕೈ ತೊಳೆದುಕೊಂಡರು.

“ಅಪ್ಪ ದಿನಾ ಎಡ ಅಂಗೈಯಲ್ಲೇ ಲಿಂಗ ಇಟ್ಕೊಂಡು ಪೂಜೆ ಮಾಡಲ್ವಾ ಅಮ್ಮ?” ಅಂತ ಕೇಳಿದೆ.

“ಅದೇ ಬೇರೆ, ಇದೇ ಬೇರೆ. ಅಧಿಕಪ್ರಸಂಗ ಮಾಡ್ಬೇಡ” ಅಂದರು ಅಮ್ಮ.

ಅಪ್ಪ ಮರುದಿನ ಬೇರೆ ಅಂಗಡಿಯಿಂದ ಬೇರೆ ಕಟ್ಟು ತಂದರು.

ಸಾಹುಕಾರರು ಜಾಣರು. ಮೋಸ ಮಾಡಿಲ್ಲ ಎಂದು ಜಗಳಕ್ಕೇ ಬರಲಿಲ್ಲ. ಮಂಡಿಯ ಮುಂದೆ ಒಂದು ಹಲಗೆ ತೂಗುಹಾಕಿದರು: ನಮ್ಮಲ್ಲಿ ಮಡಿಯಿಂದ, ಬಲಗೈಯಿಂದಲೇ ಹೊಸೆದ ಕಡ್ಡಿ. ಗುಮಾಸ್ತ ಪ್ರತಿ ಹೆಂಗಸಿನ ಕಟ್ಟಿನಿಂದಲೂ ಒಂದೊಂದು ಕಡ್ಡಿ ಎತ್ತಿ, ಉಗುರು ಎಳೆದು, ಸುತ್ತು ಯಾವ ಕಡೆಗೆ ಎಂದು ನೋಡಿದ. ಅದನ್ನು ನೋಡುವುದು ಹೇಗೆಂದು ಅವನಿಗೆ ಕಲಿಸಿದ್ದೇ ನಮ್ಮ ಬರಹ. ತಾಯಮ್ಮನ ಸರದಿ ಬಂದಾಗ ಅವಳು ತಾನೇ ಕಟ್ಟು ಕೆಳಗಿಟ್ಟು, ಆ ಎಡಗೈ ನನ್ನದೇ ಎಂಬಂತೆ ನಿಂತಳಂತೆ. ಸಾಲಿನಲ್ಲಿದ್ದ ಹೆಂಗಸರು ಅವಳಿಂದ ಸರಿದು ನಿಂತರಂತೆ. ತಮ್ಮ ಕಡ್ಡಿಯೂ ಅವಳದರ ಜೊತೆ ಸೇರಿ ಮೈಲಿಗೆಯಾಯಿತು ಎಂದು ಒಬ್ಬಳು ಕೂಗಾಡಿದಳಂತೆ. ಮಾರನೆಯ ದಿನದಿಂದ ಅವಳಿಗೆ ಪುಡಿಯಿಲ್ಲ, ಕಡ್ಡಿಯಿಲ್ಲ. ಬೇರೆ ಮಂಡಿಗಳಿಗೂ ಸುದ್ದಿ ಮುಟ್ಟಿತ್ತು.

ರಾಯರು ಸುದ್ದಿ ಕೇಳಿದವರೇ ಹೊರಟರು. ಬೇಡವೆಂದರೂ ನಾನು ಹಿಂದೆ ಹೋದೆ. ತಾಯಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಮಣೆ ಗೋಡೆಗೆ ಒರಗಿತ್ತು. ನನ್ನ ಕಡೆ ನೋಡಲೇ ಇಲ್ಲ, ಅವಳ ಕಣ್ಣೆಲ್ಲ ರಾಯರ ಮೇಲೆ.

“ಓದಿದೋರು ಅಂತ ಒಳಗೆ ಬಿಟ್ಕೊಂಡೆ. ನಮ್ಮ ಮಾತ್ನ ಪತ್ರಿಕೇಲಿ ಮಾರ್ಕೊಂಡ್ರಲ್ಲ ಬುದ್ಧಿ. ಆ ಮಂಡಿಯೋನು ಕಡ್ಡಿ ಕದ್ದ, ನೀವು ಕೈನೇ ಕಡಿದ್ರಿ. ನಿಮ್ಮ ಮನೆ ಹಾಳಾಗ, ನಿಮ್ಮ ಕೈಗೆ ಕರಿನಾಗರ ಕಡಿಯ.” ನೆಲದ ಮೇಲಿನ ಕೆಸರನ್ನೇ ಹಿಡಿದು ಅವರ ಕಡೆ ತೂರಿದಳು. ಪಂಚೆಯ ತುಂಬ ಕೆಸರಾಯಿತು. ಒಳಗಿನಿಂದ ಮುದುಕಿ, ಯಾರವ್ವಾ, ಯಾರು ಬಂದೋರು ಅಂತ ಕೇಳುತ್ತಿದ್ದಳು.

ಅಲ್ಲ, ಇವರಲ್ಲ, ನಾನು. ಹೀಗೆಂದು ಹೇಳಲು ಒಂದು ಹೆಜ್ಜೆ ಮುಂದಿಟ್ಟೆ. ರಾಯರು ನನ್ನ ಕಡೆ ತಿರುಗಿ ಬೇಡ ಎಂಬಂತೆ ಕಣ್ಣಿನಲ್ಲೇ ತಡೆದರು. ತಡೆದರೆ ನಿಲ್ಲಬೇಕು ಎಂದೇನೂ ಇರಲಿಲ್ಲ. ನಿಂತೆ. ಅವರು ಕೈಮುಗಿದು, “ತಪ್ಪಾಯ್ತು ತಾಯಿ” ಎಂದು ಹೇಳಿ ಹೊರಟರು.

ಆಮೇಲೆ ಅವರು ಮಂಡಿಗೆ ಹೋದರು. ನಾನು ಇರಲಿಲ್ಲ, ಅಪ್ಪನಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಅವಳಿಗೆ ಕೆಲಸ ಕೊಡಿ, ಬೇಕಾದರೆ ಅವಳ ಕಡ್ಡಿಯನ್ನು ದೇವರಿಗಲ್ಲದೆ ಬೇರೆಯದಕ್ಕೆ ಮಾರಿ ಎಂದು ಸಾಹುಕಾರರನ್ನು ಬೇಡಿಕೊಂಡರಂತೆ. ಸಾಹುಕಾರರು ಕಾಫಿ ತರಿಸಿಕೊಟ್ಟು, “ನೀವು ಬರೆದಿದ್ದೆಲ್ಲ ಕಟ್ಟುಕತೆ ಅಂತ ಪತ್ರಿಕೇಲಿ ಒಂದು ಮಾತು ಬರೀರಿ ಸ್ವಾಮಿ. ಎಡಗೈಯಿಂದ ಹಿಡಿದು ಬುಟ್ಟಿವರೆಗೆ ಎಲ್ಲಾನೂ. ಆಮೇಲೆ ಆ ಹೆಂಗಸಿನ ವಿಚಾರ ನೋಡೋಣ” ಅಂದರಂತೆ.

“ಬರೀತೀರಾ?” ಎಂದು ಅಪ್ಪ ಕೇಳಿದರು.

“ಬರೀದೆ ಏನ್ ಮಾಡ್ಲಿ ಹೇಳಿ. ನಿಜ ಬರೆದು ಅವಳ ಅನ್ನ ಕಳೆದೆ. ಸುಳ್ಳಾದ್ರೂ ತಂದುಕೊಡುತ್ತೇನೋ.”

ಬರೆದರು. ಅರ್ಧ ಪುಟ. ಹಿಂದಿನ ಬರಹದಲ್ಲಿ ಇದ್ದದ್ದೆಲ್ಲ ಕಲ್ಪನೆ, ಅಂಥ ಹೆಂಗಸೂ ಇಲ್ಲ, ಅಂಥ ಬುಟ್ಟಿಯೂ ಇಲ್ಲ, ವ್ಯಾಪಾರಸ್ಥರ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಬೇಕು. ಹಾಳೆಯನ್ನು ನನ್ನ ಕೈಗೇ ಕೊಟ್ಟರು, ನಕಲು ಮಾಡು ಎಂದು. ಈ ಸಲ ಅವರು ಒಂದು ಗೆರೆಯನ್ನೂ ಎಳೆದಿರಲಿಲ್ಲ. ನಾನು ಒಂದಕ್ಷರವನ್ನೂ ಬದಲಿಸಲಿಲ್ಲ. ಅಳುತ್ತ ಬರೆದದ್ದಕ್ಕೆ ಒಂದು ಕಡೆ ಮಸಿ ಹರಡಿತು, ಅದನ್ನು ಬೇರೆ ಹಾಳೆಯಲ್ಲಿ ಇನ್ನೊಮ್ಮೆ ಬರೆಯಬೇಕಾಯಿತು. ಅವರು ಪೂರ್ತಿ ಓದಿ ನೋಡಿ ಮಡಿಸಿಕೊಂಡರು.

ಸಾಹುಕಾರರು ಆ ಅರ್ಧ ಪುಟವನ್ನು ಕರಪತ್ರ ಮಾಡಿಸಿ ಬಸವನಗುಡಿಯಿಂದ ಕಲಾಸಿಪಾಳ್ಯದವರೆಗೆ ಹಂಚಿಸಿದರು. ತಾಯಮ್ಮನನ್ನು ವಾಪಸು ತೆಗೆದುಕೊಳ್ಳಲಿಲ್ಲ. “ಅಂಥ ಹೆಂಗಸೇ ಇಲ್ಲ ಅಂತ ನೀವೇ ಬರೆದಿದ್ದೀರಲ್ಲ ಸ್ವಾಮಿ” ಎಂದು ನಕ್ಕರಂತೆ. ಪತ್ರಿಕೆಯವರು ಕಟ್ಟುಕತೆ ಬರೆಯುವವರ ಬರಹ ನಮಗೆ ಬೇಡ ಎಂದರು. ಹೋಟೆಲಿನವರ, ಮಿಲ್ಲಿನವರ ಬಗ್ಗೆ ಅವರು ಹಿಂದೆ ಬರೆದದ್ದನ್ನೂ ಜನ ಅದೇ ಲೆಕ್ಕಕ್ಕೆ ಸೇರಿಸಿದರು. ಸಮಿತಿಯವರ ಸಂಚಿಕೆಯಲ್ಲಿ ಆ ಅರ್ಧ ಪುಟ ಇಲ್ಲ. ಅವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಬಿಟ್ಟರೋ, ನಾನು ಕೇಳಲಿಲ್ಲ.

ದೀಪಾವಳಿಗೆ ಮುಂಚೆ ರಾಯರು ಕೋಣೆ ಖಾಲಿ ಮಾಡಿ ಮಲ್ಲೇಶ್ವರದಲ್ಲಿ ಯಾರದೋ ಔಟ್‌ಹೌಸಿಗೆ ಹೋದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಜಟಕಾ ಹತ್ತುವಾಗ ನನ್ನನ್ನು ಕರೆದು, “ಲೆಕ್ಕದ ಪರೀಕ್ಷೆಗೆ ಮತ್ತೆ ಕೂತ್ಕೋ ಗಿರಿಜಾ, ಬಿಡಬೇಡ” ಅಂದರು. ಅಷ್ಟೇ. ಅದಾದ ಮೇಲೆ ಅವರು ಆರೇಳು ವರ್ಷ ಬದುಕಿದ್ದರು. ಒಂದು ಸಾಲನ್ನೂ ಬರೆಯಲಿಲ್ಲ. ಪಾಠ ಹೇಳುತ್ತಿದ್ದರು, ಮಾರ್ಕೆಟ್ಟಿನಲ್ಲಿ ಸಿಕ್ಕರೆ ಚೆನ್ನಾಗಿದ್ದೀಯಾ ಎನ್ನುತ್ತಿದ್ದರು. ನಾನು ಒಂದು ಸಲವೂ ಬಾಯಿಬಿಟ್ಟು ಕ್ಷಮಿಸಿ ಎನ್ನಲಿಲ್ಲ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಇನ್ನೇನು ಹೇಳುವುದು ಎಂದು ತಪ್ಪಿಸಿಕೊಂಡೆ. ಹೇಡಿ ನಾನು.

ಅದೇ ಕಾರ್ತಿಕದಲ್ಲಿ ನಮ್ಮ ಮನೆಯ ಪಾತ್ರೆಯ ಹೆಂಗಸು ಊರಿಗೆ ಹೋಗಿ ಕೂತಳು. ನಾನು ತಾಯಮ್ಮನ ಮನೆಗೆ ಹೋದೆ. ಕರೆದರೆ ಬರುತ್ತಾಳೋ ಇಲ್ಲವೋ ಎಂದು ಹೆದರಿದ್ದೆ. ಕರೆದ ಮಾರನೆಯ ದಿನವೇ ಬಂದಳು. ಮುದುಕಿಯನ್ನು ಒಳಗೆ ಕೂರಿಸಿ, ಒಲೆಯಲ್ಲಿ ನೀರು ಹೊಯ್ದು ಆರಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು ಬರುತ್ತಿದ್ದಳು. ಬೆಳಿಗ್ಗೆ ನಮ್ಮ ಮನೆ, ಆಮೇಲೆ ಇನ್ನೆರಡು ಮನೆ. ಮಧ್ಯಾಹ್ನ ಹೋಗಿ ಚಿಲಕ ತೆಗೆಯುವವರೆಗೆ ಅತ್ತೆ ಕತ್ತಲಲ್ಲಿ ಕೂಗುತ್ತಿರುತ್ತಾಳೆ ಎಂದು ಅಕ್ಕಪಕ್ಕದವರು ಹೇಳಿದರು. ಅವಳು ಯಾರೆಂದು ನಾನು ಅಮ್ಮನಿಗೆ ಹೇಳಿರಲಿಲ್ಲ. ಅಮ್ಮನ ಕಣ್ಣಿಗೆ ಅವಳು ಮೈಸೂರು ರಸ್ತೆ ಕಡೆಯ ಒಬ್ಬ ಹೆಂಗಸು, ಅಷ್ಟೆ.

ಅವಳು ನಮ್ಮಲ್ಲಿ ಬಲಗೈಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೈ ಏಳುತ್ತಿರಲಿಲ್ಲ. ಹಿತ್ತಾಳೆ ಕೊಳಗಕ್ಕೆ ಹುಣಸೆಹಣ್ಣು ಹಾಕಿ ಉಜ್ಜುವಾಗ ಎರಡೆರಡು ಸಲ ಜಾರುತ್ತಿತ್ತು. ಅಮ್ಮ ಅಡುಗೆಮನೆಯಿಂದ, “ಎಷ್ಟು ನಿಧಾನ ಕಣೇ ಇವಳು, ಬೇರೆ ಯಾರನ್ನಾದ್ರೂ ನೋಡ್ಬೇಕು” ಎಂದು ಗೊಣಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅಮ್ಮ ಪೂಜೆಗೆ ಕೂತಿದ್ದರು. ನಾನು ಹಿತ್ತಲಿಗೆ ಹೋಗಿ ತಾಯಮ್ಮನ ಎದುರು ಕುಕ್ಕರುಗಾಲಲ್ಲಿ ಕೂತೆ. ರಾಯರ ಮೇಲಿನ ಶಾಪವನ್ನಾದರೂ ಅವಳು ಹಿಂದಕ್ಕೆ ತೆಗೆದುಕೊಳ್ಳಲಿ ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಹೇಳಿಬಿಟ್ಟೆ. ರಾಯರು ಆ ಮಾತನ್ನು ಹೊಡೆದುಹಾಕಿದ್ದರು, ಮತ್ತೆ ಸೇರಿಸಿದವಳು ನಾನು, ಚೆಂದ ಕಾಣುತ್ತದೆ ಎಂದು ಸೇರಿಸಿದೆ, ನಿನಗೆ ಕೊಟ್ಟ ಭಾಷೆಯನ್ನು ಅವರು ಮುರಿಯಲಿಲ್ಲ, ನಾನು ಮುರಿದೆ. “ಬೈಯೋದಿದ್ರೆ ನನ್ನ ಬೈ ತಾಯಮ್ಮ” ಅಂದೆ. ಕೆಸರು ತೂರಿದ್ದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ ನಾನು.

ಅವಳ ಕೈ ನಿಂತಿತು. ನನ್ನನ್ನೇ ನೋಡಿದಳು. ಆಮೇಲೆ ನನ್ನ ಭುಜದ ಮೇಲಿನಿಂದ ಅಡುಗೆಮನೆಯ ಬಾಗಿಲ ಕಡೆ ನೋಡಿದಳು.

“ಅಮ್ಮಾವ್ರಿಗೆ ಹೇಳಿದ್ರಾ ಇದ?”

“ಇಲ್ಲ.”

“ಹೇಳಬ್ಯಾಡಿ ಚಿಕ್ಕಮ್ಮಾವ್ರೆ, ನಿಮ್ಮ ಕಾಲಿಗೆ ಬೀಳ್ತೀನಿ. ಆ ಎಡಗೈಯೋಳು ನಾನೇ ಅಂತ ಗೊತ್ತಾದ್ರೆ ಈ ಕೆಲ್ಸನೂ ಹೋಯ್ತದೆ.”

ಅವಳು ನಿಜವಾಗಿಯೂ ಬಗ್ಗಿ ನನ್ನ ಕಾಲು ಮುಟ್ಟಿದಳು. ಬೂದಿ ಮೆತ್ತಿದ ಕೈ. ಮುಟ್ಟಿದ್ದೂ ಬಲಗೈಯಲ್ಲೇ.